ಬೈಯುವ ಮೊದಲು ಕೇಳಿಸಿಕೊಳ್ಳಿ

ಖಡಕಿ ಎಂದ ಕೂಡಲೇ ನೆನಪಿಗೆ ಬರುವುದು ದಂಡು ಪ್ರದೇಶ, ಮದ್ದುಗುಂಡಿನ ಕಾರ್ಖಾನೆ, ಬಾಂಬೆ ಸ್ಯಾಪರ್ಸ್. ಇಲ್ಲಿಯ ಎಷ್ಟೋ ಗೇಟುಗಳಲ್ಲಿ ಗುರುತಿನ ಚೀಟಿ ತೋರಿಸದೆ ಒಳಗೆ ಕಾಲಿಡುವಂತಿಲ್ಲ. ಆದರೆ ಇದೇ ಖಡಕಿಯ ಯಾವುದೋ ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಹೊದಿಕೆಯೊಳಗೆ ಮೊಬೈಲು ಹಿಡಿದು ಮಲಗಿರುವ ಹನ್ನೆರಡು ವರ್ಷದ ಮಗುವಿನ ಬಳಿಗೆ ಯಾರು ಬೇಕಾದರೂ, ಯಾವ ಹೆಸರಿನಲ್ಲಾದರೂ ಬರಬಹುದು. ಆ ಬಾಗಿಲಿಗೆ ಕಾವಲು ಯಾರು? ಇಂದು ಅದರ ಬಗ್ಗೆ ನಿಮ್ಮೊಂದಿಗೆ ನಾಲ್ಕು ಮಾತು.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಮೊಬೈಲಿನೊಳಗೆ ಬಂತು. ಆಮೇಲೆ ಶಾಲೆಗಳು ತೆರೆದವು, ಮೊಬೈಲು ಮಾತ್ರ ಮಕ್ಕಳ ಕೈ ಬಿಡಲಿಲ್ಲ. ಹೋಂವರ್ಕು, ಪ್ರಾಜೆಕ್ಟು, ನೋಟಿಸು ಎಷ್ಟೋ ಶಾಲೆಗಳಲ್ಲಿ ಇಂದಿಗೂ ವಾಟ್ಸಾಪ್ ಗುಂಪಿಗೇ ಬರುತ್ತವೆ. ಹೀಗಿರುವಾಗ "ಮೊಬೈಲು ಮುಟ್ಟಬೇಡ" ಎಂಬ ಆಜ್ಞೆ ಎರಡು ದಿನವೂ ನಡೆಯುವುದಿಲ್ಲ.

2017ರಲ್ಲಿ 'ಬ್ಲೂ ವೇಲ್' ಎಂಬ ಆಟದ ಸುದ್ದಿ ದೇಶವನ್ನೆಲ್ಲ ಹೆದರಿಸಿದ್ದು ನಿಮಗೆ ನೆನಪಿರಬಹುದು. ದಿನನಿತ್ಯದ ಅಪಾಯ ಅಷ್ಟು ಸದ್ದು ಮಾಡಿಕೊಂಡು ಬರುವುದಿಲ್ಲ. ಆನ್‌ಲೈನ್ ಆಟದಲ್ಲಿ ಒಬ್ಬ ಜೊತೆಗಾರ ಸಿಗುತ್ತಾನೆ. "ನಾನೂ ಏಳನೇ ಕ್ಲಾಸು" ಎನ್ನುತ್ತಾನೆ. ಚೆನ್ನಾಗಿ ಆಡುತ್ತೀಯ ಎಂದು ಹೊಗಳುತ್ತಾನೆ, ಆಟದಲ್ಲಿ ಬೇಕಾದ ನಾಣ್ಯ ಕೊಡಿಸುತ್ತಾನೆ. ಆಮೇಲೆ ಬೇರೆ ಆಪ್‌ಗೆ ಬಾ, ಅಲ್ಲಿ ಮಾತಾಡೋಣ ಎನ್ನುತ್ತಾನೆ. ಮನೆಯಲ್ಲಿ ಹೇಳಬೇಡ ಎನ್ನುತ್ತಾನೆ. ಕೊನೆಗೆ ಒಂದು ಫೋಟೋ ಕೇಳುತ್ತಾನೆ. ಫೋಟೋ ಸಿಕ್ಕ ಮೇಲೆ ಅವನ ದನಿಯೇ ಬದಲಾಗುತ್ತದೆ: ಇನ್ನಷ್ಟು ಕಳಿಸು, ಇಲ್ಲವೇ ದುಡ್ಡು ಕಳಿಸು, ಇಲ್ಲದಿದ್ದರೆ ನಿನ್ನ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆ. ಈಗಂತೂ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ಮಗು ಏನೂ ಕಳಿಸಬೇಕಾಗಿಲ್ಲ. ಶಾಲೆಯ ಗ್ಯಾದರಿಂಗಿನ ಒಂದು ಸಾದಾ ಫೋಟೋದಿಂದಲೇ ಸುಳ್ಳು ಚಿತ್ರ ತಯಾರಿಸಿಬಿಡುತ್ತಾರೆ.

ಈ ಬೆದರಿಕೆಯ ಬಂಡವಾಳ ಯಾವುದು ಗೊತ್ತೇ? ಮಗುವಿನ ಮೌನ. ಮಗು ಮನೆಯಲ್ಲಿ ಬಾಯಿ ಬಿಟ್ಟ ದಿನ ಬೆದರಿಸುವವನ ಅರ್ಧ ಬಲ ಹೋಗುತ್ತದೆ. ಹಾಗಿದ್ದರೂ ಮಗು ಹೇಳುವುದಿಲ್ಲ. ಅಪ್ಪ ಹೊಡೆದಾರು, ಅಮ್ಮ ಮೊಬೈಲು ಕಸಿದುಕೊಂಡಾರು ಎಂಬ ಭಯ ಒಂದು ಕಡೆ. ನಮ್ಮಂಥ ಹೊರನಾಡ ಕನ್ನಡದ ಮನೆಗಳಲ್ಲಿ ಇನ್ನೊಂದು ಕಾರಣವೂ ಇದೆ. ನಮ್ಮ ಮಕ್ಕಳು ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಹಿಂದಿ, ಮನೆಯಲ್ಲಿ ಕನ್ನಡ ಆಡುತ್ತಾರೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಆದದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಗೆ ಹೇಳುವುದು? ಊಟ, ತಿಂಡಿ, ಹಬ್ಬಕ್ಕೆ ಅವರಲ್ಲಿ ಕನ್ನಡವಿದೆ. ಈ ಸಂಕಟಕ್ಕೆ ಇಲ್ಲ.

ಆದ್ದರಿಂದ ನನ್ನದೊಂದು ವಿನಂತಿ. ಇವತ್ತೇ ನಿಮ್ಮ ಮಗುವಿಗೆ ಒಂದು ಕನ್ನಡ ವಾಕ್ಯ ಕಲಿಸಿ: "ಅಮ್ಮಾ, ಮೊಬೈಲಿನಲ್ಲಿ ಒಂದು ತೊಂದರೆ ಆಗಿದೆ, ಬೈಬೇಡ, ಮೊದಲು ಕೇಳು." ಈ ಮಾತು ಬಂದ ದಿನ ಬೈಯುವುದಿಲ್ಲ, ಮೊಬೈಲು ಕಸಿದುಕೊಳ್ಳುವುದಿಲ್ಲ ಎಂದು ನೀವೂ ಮಾತು ಕೊಡಿ, ಅದಕ್ಕೆ ತಪ್ಪಬೇಡಿ. ಇದಕ್ಕೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ. ಇಂಗ್ಲಿಷು ಬಾರದ ಅಜ್ಜಿಯೂ ಈ ಕಾವಲು ಕಾಯಬಲ್ಲಳು.

ಜೊತೆಗೆ ಮನೆಯಲ್ಲಿ ಕೆಲವು ರೂಢಿಗಳಿರಲಿ. ರಾತ್ರಿ ಎಲ್ಲರ ಮೊಬೈಲೂ, ಅಪ್ಪನದೂ ಸೇರಿ, ಹೊರಗಿನ ಕೋಣೆಯಲ್ಲೇ ಚಾರ್ಜಿಗೆ ಇರಲಿ. ಆಟದೊಳಗಿನ ಚಾಟ್ ಮುಚ್ಚಿಡಿ, ಖಾತೆಯನ್ನು ಪ್ರೈವೇಟ್ ಮಾಡಿ. ಪಾಸ್‌ವರ್ಡು, ಓಟಿಪಿ ಗೆಳೆಯರಿಗೂ ಹೇಳಬಾರದೆಂದು ತಿಳಿಸಿ. ಸೈನ್ಯದಲ್ಲಿ, ಕಾರ್ಖಾನೆಯಲ್ಲಿ ಇರುವವರ ಮಕ್ಕಳು ಅಪ್ಪನ ಯೂನಿಫಾರ್ಮಿನ ಫೋಟೋ, ಕ್ವಾರ್ಟರ್ಸಿನ ಜಾಗ ಹಾಕದಿರಲಿ.

ಇನ್ನು ಶಾಲೆ. ಮಕ್ಕಳ ಹೆಸರು, ತರಗತಿ ಬರೆದು ಫೋಟೋವನ್ನು ಎಲ್ಲರೂ ನೋಡುವ ಪುಟದಲ್ಲಿ ಹಾಕುವ ಮೊದಲು ಪಾಲಕರನ್ನು ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ತೊಂದರೆ ಆದಾಗ ಯಾವ ಶಿಕ್ಷಕಿಯ ಬಳಿ ಹೋಗಬೇಕೆಂದು ಪ್ರತಿ ಮಗುವಿಗೂ ಗೊತ್ತಿರಬೇಕು. ಮುಂದಿನ ಪಾಲಕರ ಸಭೆಯಲ್ಲಿ ಅಂಕದ ಮಾತು ಮುಗಿದ ಮೇಲೆ ಇದನ್ನೂ ಕೇಳಿ.

"ಶಾಲೆಯ ಹೆಸರು ಕೆಡುತ್ತದೆ, ಬಿಟ್ಟುಬಿಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2012ರ ಪೋಕ್ಸೋ ಕಾಯ್ದೆಯಂತೆ ಮಗುವಿನ ಮೇಲೆ ಲೈಂಗಿಕ ಅಪರಾಧವಾದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ ಅಪರಾಧ. ಠಾಣೆ ಎಂದರೆ ಹೆದರಿಕೆಯೂ ಬೇಡ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ ಪಡೆಯಬಹುದು, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಮಗುವಿನ ಗುರುತು ಪತ್ರಿಕೆಯಲ್ಲಿ ಬರಬಾರದು. ಇದೆಲ್ಲ ಅದೇ ಕಾಯ್ದೆಯಲ್ಲಿದೆ.

ತೊಂದರೆ ಬಂದೇಬಿಟ್ಟರೆ ಮಾಡಬೇಕಾದದ್ದು ಇಷ್ಟು. ದುಡ್ಡು ಕಳಿಸಬೇಡಿ, ಮತ್ತೊಂದು ಫೋಟೋ ಕಳಿಸಬೇಡಿ. ಬೆದರಿಕೆಯ ಸಂದೇಶ, ಆ ಖಾತೆಯ ಹೆಸರು, ದಿನ, ಸಮಯ ಉಳಿಸಿಕೊಂಡು ಆಮೇಲೆ ಬ್ಲಾಕ್ ಮಾಡಿ. ಮಗುವಿನ ಅಂಥ ಚಿತ್ರವನ್ನು ಸಲಹೆ ಕೇಳುವುದಕ್ಕೆಂದು ಕೂಡ ನೆಂಟರಿಗೆ ಕಳಿಸಬೇಡಿ; ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಂತೆ ಅದನ್ನು ಹಂಚುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ತಡಮಾಡದೆ 1930. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಮೊಬೈಲು ಬಿಟ್ಟು ಹೋಗದೆಯೇ ಅದರ ಗುರುತು ಮಾತ್ರ ಕಂಪನಿಗಳಿಗೆ ತಲುಪುತ್ತದೆ.

ಈ ನಂಬರುಗಳನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಆದರೆ ಮಗು ಮೊದಲು ಓಡಿ ಬರಬೇಕಾದದ್ದು ನಿಮ್ಮ ಬಳಿಗೆ. ಅದು ಬಂದು ನಿಂತಾಗ ಒಲೆಯ ಉರಿ ಸಣ್ಣ ಮಾಡಿ, ಟೀವಿ ನಿಲ್ಲಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿ. ಮಿಕ್ಕದ್ದಕ್ಕೆ ಕಾನೂನಿದೆ, ಸಹಾಯವಾಣಿ ಇದೆ.