ಮೊಬೈಲ್: ಒಡೆಯ ಯಾರು, ಆಳು ಯಾರು?

(ಶಿವಾಜಿನಗರದಲ್ಲಿ ವಿದ್ಯಾರ್ಥಿಗಳು ಹಾಗೂ ಹೆತ್ತವರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಬೆಳಗಿನ ಹೊತ್ತು ಕೆ.ಆರ್. ಪುರದಿಂದ ಹಲಸೂರಿನ ಕಡೆಗೆ ಬರುವ ಮೆಟ್ರೋ ರೈಲನ್ನು ಒಮ್ಮೆ ಹತ್ತಿ ನೋಡಿರಿ. ಕಾಲೇಜಿಗೆ ಹೊರಟ ಯುವಕ ಯುವತಿಯರ ತಲೆಗಳೆಲ್ಲ ಬಾಗಿರುತ್ತವೆ. ಇಂದಿರಾನಗರ ಬಂದದ್ದೂ ಹೋದದ್ದೂ ಅನೇಕರ ಅರಿವಿಗೆ ಬರುವುದಿಲ್ಲ. ಇದನ್ನು ಕಂಡು 'ಈಗಿನ ಮಕ್ಕಳು ಕೆಟ್ಟರು' ಎಂದು ತೀರ್ಪು ನೀಡುವುದು ಸುಲಭ. ಆದರೆ ತರಗತಿಯ ಟಿಪ್ಪಣಿ, ಶುಲ್ಕ ಪಾವತಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಇಂದು ಅದೇ ಮೊಬೈಲ್‌ನಲ್ಲಿವೆ. ಆದ್ದರಿಂದ ಬಳಕೆಯೇ ಬೇರೆ, ಅವಲಂಬನೆಯೇ ಬೇರೆ. ಬೇಕೆಂದಾಗ ಕೆಳಗಿಡಲು ಸಾಧ್ಯವಾದರೆ ಅದು ಬಳಕೆ. ಹಾನಿಯಾಗುತ್ತಿದೆಯೆಂದು ತಿಳಿದೂ ಕೆಳಗಿಡಲಾಗದಿದ್ದರೆ ಅದು ಅವಲಂಬನೆ.

ಆರೋಗ್ಯವೆಂದರೆ ಜ್ವರ ಇಲ್ಲದಿರುವುದಷ್ಟೇ ಅಲ್ಲ. ಬ್ರಿಟನ್ನಿನ ಮನೋವೈದ್ಯ ಡೇವಿಡ್ ಗೋಲ್ಡ್‌ಬರ್ಗ್ 1970ರ ದಶಕದಲ್ಲಿ ಸಾಮಾನ್ಯ ಆರೋಗ್ಯವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದರ 28 ಪ್ರಶ್ನೆಗಳ ಆವೃತ್ತಿಯು ನಾಲ್ಕು ವಿಷಯಗಳನ್ನು ವಿಚಾರಿಸುತ್ತದೆ: ದೇಹದ ಬಾಧೆ, ಆತಂಕ ಮತ್ತು ನಿದ್ರಾಹೀನತೆ, ದಿನನಿತ್ಯದ ಕೆಲಸ ನಿಭಾಯಿಸುವ ಶಕ್ತಿ, ಖಿನ್ನತೆ. ಈ ನಾಲ್ಕನ್ನೂ ನಮ್ಮ ಮನೆಗಳಲ್ಲಿ ಪರೀಕ್ಷಿಸೋಣ. ಕುತ್ತಿಗೆ ನೋವು, ಒಣಗಿ ಉರಿಯುವ ಕಣ್ಣು. ತಡರಾತ್ರಿಯವರೆಗೂ ಎಚ್ಚರವಿದ್ದು ಮುಂಜಾನೆಯ ಬಾಂಗ್ ಕೇಳಿಸದ ನಿದ್ದೆ. ಪುಸ್ತಕದ ಎರಡು ಪುಟ ಓದುವಷ್ಟರಲ್ಲಿ ಅಲೆಯುವ ಮನಸ್ಸು. ಇತರರ ಆಡಂಬರದ ಚಿತ್ರ ನೋಡಿ ತನ್ನ ಬಾಳೇ ವ್ಯರ್ಥವೆಂಬ ಕೊರಗು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೊಬೈಲ್‌ನಿಂದಲೇ ಖಿನ್ನತೆ ಬಂತೆಂದು ಆತುರದಿಂದ ಹೇಳಬಾರದು. ಪರೀಕ್ಷೆಯ ಭಯ, ಹಣದ ಅಡಚಣೆ, ಒಂಟಿತನದಿಂದ ನೊಂದವನು ಮರೆಯಲೆಂದು ಮೊಬೈಲ್ ಹಿಡಿಯುವುದೂ ಉಂಟು. ಅಂಥವನ ಕೈಯಿಂದ ಅದನ್ನು ಕಿತ್ತುಕೊಂಡರೆ ಮೊಬೈಲ್ ಹೋಗುತ್ತದೆ, ನೋವು ಉಳಿಯುತ್ತದೆ.

ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗೆ 'ಶಟ್' ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಗೇಮಿಂಗ್ ವ್ಯಸನಕ್ಕೆ ಸ್ಥಾನ ದೊರೆತಿದೆ; ಮೊಬೈಲ್ ಅವಲಂಬನೆಯು ಅದರಲ್ಲಿ ಪ್ರತ್ಯೇಕ ರೋಗವಾಗಿಲ್ಲ. ಹಾಗಾಗಿ ಮಕ್ಕಳಿಗೆ 'ರೋಗಿ' ಎಂಬ ಹಣೆಪಟ್ಟಿ ಕಟ್ಟಬೇಡಿ. ನೆರವು ಪಡೆಯಲು ನಾಚಲೂ ಬೇಡಿ. ಕೇಂದ್ರ ಸರಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಹೆತ್ತವರಲ್ಲಿ ವಿಶೇಷವಾಗಿ ಒಂದು ಮಾತು. ಮಗ ರಾತ್ರಿಯಿಡೀ ಮೊಬೈಲ್ ನೋಡಿದರೆ ಗದರಿಸಿ ಸುಮ್ಮನಾಗುತ್ತೇವೆ. ಮಗಳು ನೋಡಿದರೆ ಮೊಬೈಲ್ ಕಸಿಯುತ್ತೇವೆ. ಕೆಲವೆಡೆ ಕಾಲೇಜನ್ನೂ ಬಿಡಿಸುತ್ತೇವೆ. ಇದು ಯಾವ ನ್ಯಾಯ? ಆರೋಗ್ಯದ ಕಾಳಜಿಯು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕತ್ತರಿ ಹಾಕುವ ನೆಪವಾಗಬಾರದು. ನಿಯಮ ಇಬ್ಬರಿಗೂ ಒಂದೇ ಇರಲಿ, ತಂದೆತಾಯಿಗೂ ಅದೇ ಇರಲಿ. ಅಂಗಡಿ ಮುಚ್ಚಿ ಬಂದ ತಂದೆ ಊಟದ ತಟ್ಟೆಯ ಮುಂದೆ ವಾಟ್ಸಾಪ್ ತೆರೆದರೆ ಅವರ ಉಪದೇಶಕ್ಕೆ ಬೆಲೆಯೆಲ್ಲಿ?

ಇಂದು ರಾತ್ರಿಯಿಂದಲೇ ಆರಂಭಿಸೋಣ. ಮನೆಯ ಎಲ್ಲ ಮೊಬೈಲ್‌ಗಳೂ ಮಲಗುವ ಕೋಣೆಯ ಹೊರಗೆ ಒಂದೇ ಕಡೆ ಚಾರ್ಜ್ ಆಗಲಿ. ಬೆಳಗ್ಗೆ ಎಬ್ಬಿಸಲು ಸಾಧಾರಣ ಅಲಾರಂ ಗಡಿಯಾರ ಸಾಕು. ಅನಗತ್ಯ ನೋಟಿಫಿಕೇಶನ್‌ಗಳನ್ನು ನಿಲ್ಲಿಸಿರಿ. ದಿನಕ್ಕೊಂದು ಊಟವಾದರೂ ಮೊಬೈಲ್ ಇಲ್ಲದೆ ಎಲ್ಲರೂ ಕೂಡಿ ಮಾಡಿರಿ. ಮಕ್ಕಳ ಮಾತಿಗೆ ಕಿವಿಗೊಡಿರಿ. ಮನೆಯಲ್ಲಿ ಕೇಳುವವರಿದ್ದರೆ ಮಕ್ಕಳು ಪರದೆಯಲ್ಲಿ ಜೊತೆಗಾರರನ್ನು ಹುಡುಕುವುದು ಕಡಿಮೆಯಾದೀತು.

ಮೊಬೈಲ್ ಒಳ್ಳೆಯ ಆಳು, ಕೆಟ್ಟ ಒಡೆಯ. ನಮ್ಮ ಮನೆಯಲ್ಲಿ ಅದು ಯಾವುದಾಗಿದೆಯೆಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಲಿ.