ಅಲ್ಪವಿರಾಮದ ಲೆಕ್ಕ
(ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ಎರವಲು ಪುಸ್ತಕಗಳ ಪಟ್ಟಿಯನ್ನು ಗಣಕಕ್ಕೆ ಏರಿಸುವ ಹೊಣೆ ಹೊತ್ತೆನಷ್ಟೆ. ಸಾಲುಸಾಲಿಗೂ ಹೆಸರು, ಪುಸ್ತಕ, ಹಿಂದಿರುಗಿಸಿದ ದಿನ, ಸದಸ್ಯಸಂಖ್ಯೆ; ನಡುವೆ ಅಲ್ಪವಿರಾಮ. ಬಿಡಿಸಲು ಸಿ ಭಾಷೆಯ ‘ಸ್ಟ್ರ್‌ಟೋಕ್’ ಬಳಸಿದೆ. ಪುಸ್ತಕ ಬಾರದಿದ್ದಲ್ಲಿ ಮೂರನೆಯ ಮನೆ ಬರಿದು, ಎರಡು ಅಲ್ಪವಿರಾಮಗಳು ಜೊತೆಜೊತೆಗೆ. ಸ್ಟ್ರ್‌ಟೋಕ್ ಅವೆರಡನ್ನೂ ಒಂದೆಂದೇ ಎಣಿಸಿ ದಾಟಿಬಿಡುತ್ತದೆ. ಸದಸ್ಯಸಂಖ್ಯೆ ದಿನದ ಮನೆಯಲ್ಲಿ ಬಂದು ಕುಳಿತಿತು. ಮನೆ ತುಂಬಿದ್ದರೆ ಸಾಕೆಂದಿದ್ದ ನನ್ನ ಲೆಕ್ಕದಲ್ಲಿ ಪುಸ್ತಕ ತಾರದವರೆಲ್ಲ ತಂದವರಾದರು! (ಕೆಲವರಿಗೆ ಸಂತೋಷವೇ ಆಗಿರಬೇಕು.) ಮೂಲ ಸಾಲನ್ನು ನೋಡೋಣವೆಂದರೆ, ತುಂಡಿನ ಕೊನೆಯ ಅಲ್ಪವಿರಾಮವನ್ನಳಿಸಿ ಅಂತ್ಯಸೂಚಕ ಸೊನ್ನೆ ಬರೆಯುವುದು ಅದರ ಪದ್ಧತಿ, ಸಾಲಿನಲ್ಲಿ ಹೆಸರೊಂದೇ ಕಾಣುತ್ತಿತ್ತು.

ಈಗ ಲಿನಕ್ಸ್‌ನಲ್ಲಿ ದೊರೆಯುವ ‘ಸ್ಟ್ರ್‌ಸೆಪ್’ ಹಿಡಿದಿದ್ದೇನೆ. ಅದೂ ಸಾಲನ್ನು ಕತ್ತರಿಸುತ್ತದೆ, ಆದರೆ ಬರಿದಾದ ಮನೆಯನ್ನು ಬರಿದಾಗಿಯೇ ಒಪ್ಪಿಸುತ್ತದೆ. ನಕಲನ್ನೂ ಮೊದಲೇ ತೆಗೆದಿಡುತ್ತೇನೆ. ಹೊಸ ಪಟ್ಟಿಯನ್ನು ಬಾಗಿಲ ಬಳಿ ಅಂಟಿಸಿದೆ; ದಯವಿಟ್ಟು ನೋಡಿಕೊಳ್ಳಿರಿ.