ತಡೆಹಿಡಿದ ಪುಟ

ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ತಲೆಯೆತ್ತಿ ನೋಡಿದರೆ ಕಂಬದಿಂದ ಮರಕ್ಕೆ, ಮರದಿಂದ ಮಹಡಿಗೆ ಜೋತುಬಿದ್ದ ಕರಿಯ ತಂತಿಗಳು ಕಾಣುತ್ತವೆ. ಅಂತರಜಾಲ ಮನೆಗೆ ಬರುವ ದಾರಿ ಅದು. ಒಂದು ದಿನ ನಾವು ಓದಬಯಸಿದ ಪುಟ ತೆರೆಯುವುದಿಲ್ಲ. ಸರಕಾರದ ಆದೇಶದಂತೆ ತಡೆಹಿಡಿಯಲಾಗಿದೆ ಎಂಬ ಒಂದು ಸಾಲು ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಆ ಸಾಲೂ ಇಲ್ಲ. ತಂತಿ ಎಳೆದ ಹುಡುಗನನ್ನು ಕೇಳಿದರೆ, 'ಮೇಲಿಂದಲೇ ಬಂದ್ ಸಾರ್' ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ.

ಆ 'ಮೇಲೆ' ಇರುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಬರಹವೊಂದನ್ನು ಮರೆಮಾಡಿಸುವ ಅಧಿಕಾರವನ್ನು ಅದು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಆಜ್ಞೆ ಮೀರಿದ ಸೇವಾದಾರನಿಗೆ 7 ವರ್ಷಗಳವರೆಗೆ ಸೆರೆವಾಸವುಂಟು. ಹೀಗಿರುವಾಗ ವಿಜಯನಗರದ ಸಣ್ಣ ಸೇವಾದಾರನೊಬ್ಬ ಕಾರಣ ಕೇಳುತ್ತ ಕೂಡಲೆಂದು ಬಯಸುವುದು ನ್ಯಾಯವಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳಂಥವು ಒಂದು ಗಳಿಗೆಯೂ ಉಳಿಯಬಾರದೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ.

ನನ್ನ ತಕರಾರು ಗುಟ್ಟಿನ ಬಗೆಗೆ. 2015ರಲ್ಲಿ ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಎತ್ತಿಹಿಡಿಯಿತು. ತಡೆಗೆ ಕಾರಣವನ್ನು ಬರೆದಿಡಬೇಕು, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂಬುದು ಅದಕ್ಕೆ ಕೊಟ್ಟ ಆಧಾರಗಳಲ್ಲೊಂದು. ಆದರೆ 2009ರ ನಿಯಮಾವಳಿಯ 16ನೆಯ ನಿಯಮ ಈ ವ್ಯವಹಾರವೆಲ್ಲ ಕಟ್ಟುನಿಟ್ಟಾಗಿ ಗೋಪ್ಯವಾಗಿರಬೇಕೆನ್ನುತ್ತದೆ. ಕಾರಣವುಂಟು, ಕಾಣುವಂತಿಲ್ಲ!

ಪುಸ್ತಕದ ವಿಷಯ ಹೀಗಿರಲಿಲ್ಲ. ಗ್ರಂಥವೊಂದನ್ನು ಮುಟ್ಟುಗೋಲು ಹಾಕಲು ಸರಕಾರವು ಆಧಾರಗಳನ್ನು ಹೇಳಿ ಅಧಿಸೂಚನೆ ಹೊರಡಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮು ವಿಧಿಸಿತ್ತು. ಎರಡು ತಿಂಗಳೊಳಗೆ ಆ ಗ್ರಂಥದಲ್ಲಿ ಹಿತಾಸಕ್ತಿಯುಳ್ಳವರು ಉಚ್ಚ ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಈ ಕ್ರಮವನ್ನು ಉಳಿಸಿಕೊಂಡಿದೆ. ಮುದ್ರಿತ ಮಾತಿಗೆ ಸಿಕ್ಕ ಈ ಮರ್ಯಾದೆ ತಂತಿಯಲ್ಲಿ ಬಂದ ಮಾತಿಗೆ ಏಕೆ ಬೇಡ?

ಈ ಪ್ರಶ್ನೆ ನಮ್ಮ ಊರಿನಲ್ಲಿಯೇ ವಿಚಾರಣೆಗೆ ಬಂದಿತು. ಟ್ವಿಟರ್ ಸಂಸ್ಥೆಯು 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಬರೆದವರಿಗೆ ತಿಳಿವಳಿಕೆ ಪತ್ರವನ್ನೂ ಕೊಡದೆ ತಡೆ ಹೇರಲಾಗಿದೆ ಎಂದು ವಾದಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತರು ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಒಂದು ವರ್ಷಕ್ಕೂ ಮೇಲ್ಪಟ್ಟು ಆಜ್ಞೆಗಳನ್ನು ಪಾಲಿಸದೆ ಕುಳಿತ ಸಂಸ್ಥೆ ಕಾನೂನರಿಯದ ರೈತನಲ್ಲವೆಂಬ ನ್ಯಾಯಾಲಯದ ಮಾತು ಒಪ್ಪತಕ್ಕದ್ದೇ. ಸಿರಿವಂತ ಸಂಸ್ಥೆ ಮೇಲ್ಮನವಿಗೂ ಹೋಯಿತು. ಆದರೆ ಯಾರ ಮಾತು ಮಾಯವಾಗಿತ್ತೋ ಅವರ ಪರವಾಗಿ ವಾದಿಸುವ ಭಾರವೂ ಆ ಸಂಸ್ಥೆಯ ಮೇಲೆಯೇ ಬಿದ್ದಿತ್ತಲ್ಲ!

ಇನ್ನೊಂದು ಸೋಜಿಗ. ಐವತ್ತು ಲಕ್ಷಕ್ಕೂ ಹೆಚ್ಚು ಬಳಕೆದಾರರುಳ್ಳ ಸಾಮಾಜಿಕ ಜಾಲತಾಣಗಳು ತಮಗೆ ಬಂದ ದೂರುಗಳ ಲೆಕ್ಕವನ್ನು ತಿಂಗಳು ತಿಂಗಳು ಪ್ರಕಟಿಸಬೇಕೆಂದು 2021ರ ನಿಯಮಗಳು ಹೇಳುತ್ತವೆ. ಸರಕಾರ ತನ್ನ ತಡೆಯಾಜ್ಞೆಗಳ ಲೆಕ್ಕ ಕೊಡಬೇಕೆಂಬ ಕಟ್ಟಳೆ ಅದೇ ನಿಯಮಗಳಲ್ಲಿಲ್ಲ.

ಆ ಒಂದು ಸಾಲಿನ ಕೆಳಗೆ ಆಜ್ಞೆಯ ದಿನಾಂಕವನ್ನೂ ಕಾರಣವನ್ನೂ ಕಾಣಿಸಲು ಸೇವಾದಾರನಿಗೆ ಅಪ್ಪಣೆಯಾಗಲಿ. ಬಸವೇಶ್ವರನಗರದಲ್ಲಿ ಕುಳಿತು ಬರೆದವನೊಬ್ಬ ಅಠಾರಾ ಕಚೇರಿಗೆ ಹೋಗುವಾಗ ಅಷ್ಟು ಕಾಗದವಾದರೂ ಅವನ ಕೈಯಲ್ಲಿರುತ್ತದೆ.